ಖಣದ ಬುಟ್ಟಿ, ಮತ್ತ ಆ 240 ರೂಪಾಯಿ ಹಗ್ಗ

ಬರ್ರಿ, ಕುಂದರ್ರಿ. ಫ್ಯಾನ್ ಬಂದ್ ಮಾಡೀನಿ, ಯಾಕಂದ್ರ ಹಚ್ಚಿದ್ರ ಈ ಪಟ್ಟಿ ಎಲ್ಲಾ ಹಾರಿ ಮಂಚದ ಬುಡಕ್ಕ ಹೋಗ್ತಾವ. ಕಲಬುರಗಿ ಏಪ್ರಿಲ್ ತಿಂಗಳು, ಹೊರಗ 42 ಡಿಗ್ರಿ. ಬೆವರು ಒರಸ್ಕೊಂತಾ ಕತ್ತರಿಸ್ಲತ್ತೀನಿ, ನೋಡ್ಲತ್ತೀರಲ್ಲ.

ಇವೆಲ್ಲಾ ಬ್ಲೌಸ್ ಹೊಲಿಸಿ ಉಳದ ತುಂಡು. ಈ ಕೆಂಪಂದು, ಆ ನವಿಲು ಬಣ್ಣದ್ದು, ಎರಡೂ ಗುಳೇದಗುಡ್ಡದ ಖಣ, ಬ್ಲೌಸಿಗಂತಲೇ ನೇಯೋ ಅರಿವಿ. ನಮ್ಮ ಕಡೆ ಯಾರ ಮನಿಗೆ ಹೋದ್ರೂ ಉಡಿ ತುಂಬಿ ಒಂದು ಖಣ ಕೊಟ್ಟೇ ಕಳಸ್ತಾರ. ಅವು ಹೊಲಿಸ್ಕೊಳ್ಳೋದಕ್ಕಿಂತ ಟ್ರಂಕಿನ್ಯಾಗ ಕುಂದ್ರೋದೇ ಜಾಸ್ತಿ. ಬರೋ ಐತವಾರ ನಮ್ಮ ತಂಗಿ ಕುಬಸ ಅದ, ಅಂದ್ರ ಸೀಮಂತ, ಏಳನೇ ತಿಂಗಳು. ಹಸಿರು ಬಳಿ ಇಡ್ಲಿಕ್ಕಿ ಒಂದು ಬುಟ್ಟಿ ಬೇಕು. ಅಂಗಡಿಯಾಗ ಸಿಗ್ತಾವ, ಥರ್ಮಾಕೋಲಿಗಿ ಲೇಸ್ ಹಚ್ಚಿದ್ವು. ಗ್ಲೂ ಹಚ್ಚಿದ್ದು ನನಗ ಸೇರಂಗಿಲ್ರಿ. ನಾಕ್ ಮಂದಿ ಕೈಯಾಗ ಹೋಗಿ ಬರೋದ್ರಾಗ ಲೇಸ್ ಜೋತು ಬೀಳ್ತದ. ಹೊಲದದ್ದು ಹೊಲದದ್ದೇ.

ಹಗ್ಗಕ್ಕ ಖಣದ ಪಟ್ಟಿ ಸುತ್ತಿ, ಆ ಹಗ್ಗಾನ ಚಕ್ಕಲಿಯಂಗ ಸುರುಳಿ ಮಾಡಿ ಹೊಲದ್ರ ಬುಟ್ಟಿ ಆಗ್ತದ. ಪಟ್ಟಿ ಒಂದಿಂಚು ಅಗಲ ಇರಲಿ. ಹಗ್ಗಕ್ಕ ಓರೆ ಸುತ್ತಬೇಕು. ಒಂದು ಮೀಟರ್ ಹಗ್ಗಕ್ಕ ಒಂದೂವರಿ ಮೀಟರ್‌ಕ್ಕಿಂತ ಜಾಸ್ತಿ ಪಟ್ಟಿ ತಿಂತದ, ಅದಕ್ಕ ತುಂಡು ಸಣ್ಣವು ಅಂತ ಚೆಲ್ಲಬ್ಯಾಡ್ರಿ.

ಹಾಂ, ಈಗ ಹಗ್ಗದ ಮಾತು. ಇದನ್ನ ಹೇಳದೆ ನನಗ ಸಮಾಧಾನ ಇಲ್ಲ.

ಬುಡ 20 ಸೆಂಟಿಮೀಟರ್ ಅಗಲ, ಗೋಡಿ 10 ಸೆಂಟಿಮೀಟರ್ ಎತ್ತರ ಅಂತ ಲೆಕ್ಕ ಹಾಕ್ಕೊಂಡಿದ್ದೆ. 6 ಮಿಲಿಮೀಟರ್ ಹಗ್ಗ ಆದ್ರ ಬುಡಕ್ಕೇ 5 ಮೀಟರ್ ಮ್ಯಾಲ ಬೇಕು. ಗೋಡಿಗಿ ಒಂದು ಸುತ್ತಿಗಿ 63 ಸೆಂಟಿಮೀಟರ್, ಹದಿನಾರು ಸುತ್ತು, ಅಂದ್ರ ಇನ್ನ 10 ಮೀಟರ್. ಕಮ್ಮಿ ಬೀಳಬಾರದು ಅಂತ 20 ಮೀಟರ್ ತರಬೇಕಂತ ನಮ್ಮೂರ ಸೂಪರ್ ಮಾರ್ಕೆಟ್ ಬಜಾರಕ್ಕ ಹೋದೆ. ಅಲ್ಲಿ ಒಂದು ಅಂಗಡಿಯಾಂವ ಮೀಟರಿಗಿ 12 ರೂಪಾಯಿ ಅಂದ. ‘ಕಾಟನ್ ಏನ್ರಿ?’ ಅಂತ ಮೂರು ಸರ್ತಿ ಕೇಳೀನಿ. ‘ಪಕ್ಕಾ ಕಾಟನ್ ಅಕ್ಕಾ’ ಅಂದ. 240 ರೂಪಾಯಿ ಎಣಿಸಿ ಕೊಟ್ಟು ಬಂದೆ.

ಬಂದು ಪಟ್ಟಿ ಸುತ್ತಿ, ಬುಡ ಪೂರಾ ಹೊಲದೆ. ಹೊಲದದ್ದು ಇಷ್ಟು ಚಂದ ಬಂದಿತ್ತು! ನಟ್ಟ ನಡಬರಕ ತೇರಿನ ಚಿತ್ರ ಇರೋ ಖಣದ ಪಟ್ಟಿ, ಸುತ್ತಲೂ ನವಿಲು ಬಣ್ಣ. ಸ್ವಲ್ಪ ಡೊಂಕು ಕಾಣಸ್ತು, ಇಸ್ತ್ರಿ ಹಾಕಿದ್ರ ಕುಂದರ್ತದಂತ ಇಸ್ತ್ರಿ ಇಟ್ಟೆ. ಬಿಸಿ ತಾಕಿದ್ದೇ ತಡ, ಪ್ಲಾಸ್ಟಿಕ್ ಸುಟ್ಟ ವಾಸನಿ. ಇಸ್ತ್ರಿ ಎತ್ತಿ ನೋಡಿದ್ರ ಬುಡ ಹಪ್ಪಳ ಮುರುಟಿದಂಗ ಮುರುಟಿತ್ತು. ಮುಟ್ಟಿದ್ರ ಗಟ್ಟಿ, ಕಟಕಟ ಅನ್ಲತ್ತಿತ್ತು. ಕತ್ತರಿ ಹಾಕಿ ಬಿಚ್ಚಿದೆ. ಮ್ಯಾಲ ಹತ್ತಿ ನೂಲಿನ ಹೆಣಿಕಿ, ಒಳಗ ಬೆಳ್ಳನ ಪ್ಲಾಸ್ಟಿಕ್ ಎಳಿ!

ಈ ಶಾಟ್ ಅದಕ್ಕೇ ತೆಗದೀನಿ, ಕಡ್ಡಿ ಗೀರಿದ್ದು ನೋಡ್ರಿ. ಹತ್ತಿ ಆಗಿದ್ರ ಕಾಗದ ಉರದಂಗ ಉರೀತದ, ಬೂದಿ ಬೆರಳಿಂದ ಒರಸಿದ್ರ ಉದರ್ತದ. ಇದು ಉರೀಲಿಲ್ಲ. ಕರಗಿ, ಕುಗ್ಗಿ, ತುದಿಗಿ ಕರ್ರನ ಗುಂಡು ಆಗಿ ನಿಂತದ. ಉಗುರು ಒತ್ತಿದ್ರೂ ಒಡ್ಯಂಗಿಲ್ಲ.

ತಗೊಂಡು ವಾಪಸ್ ಹೋದೆ, ಬಿಸಲಾಗ, ಆಟೋಕ್ಕ ಬ್ಯಾರೆ ರೊಕ್ಕ. ಕತ್ತರಿಸಿ ಕೊಟ್ಟಿದ್ದು ವಾಪಸ್ ತಗೊಳ್ಳಂಗಿಲ್ಲ ಅಂದ. ನನಗ 240 ರೂಪಾಯಿ ಸಂಕಟ ಒಂದು ಪಾಲು ಆದ್ರ, ಆ ತೇರಿನ ಖಣದ ಸಂಕಟ ಹತ್ತು ಪಾಲು. ಅದು ನಮ್ಮ ಆಯಿ ಕೊಟ್ಟಿದ್ದು, ಅಷ್ಟೇ ಇತ್ತು. ಪ್ಲಾಸ್ಟಿಕ್ ಹಗ್ಗ ಕೆಟ್ಟದ್ದಲ್ರಿ, ಉಳದ ಹಗ್ಗ ಮಾಳಿಗಿ ಮ್ಯಾಲ ಅರಿವಿ ಒಣಹಾಕ್ಲಿಕ್ಕಿ ಕಟ್ಟೀನಿ, ಗಟ್ಟಿ ಅದ. ಆದ್ರ ಪ್ಲಾಸ್ಟಿಕ್ ಮಾರೋದಿದ್ರ ಪ್ಲಾಸ್ಟಿಕ್ ಅಂತ ಹೇಳಿ ಮಾರಬೇಕು. ಮೂರು ಸರ್ತಿ ಕೇಳಿದಾಕೀಗೆ ಒಂದು ಸರ್ತಿನಾದ್ರೂ ಖರೇ ಹೇಳಬೇಕಿಲ್ಲೇನು?

ಅಲ್ಲಿಂದ ಹೊಂಟಾಗ ದನದ ಹಗ್ಗ, ಮೂಗದಾಣ, ಗೆಜ್ಜಿ ಮಾರೋ ಒಬ್ಬ ಮುತ್ಯಾನ ಕಡೆ ನಿಂತೆ. ನೂಲಿನ ಹಗ್ಗ ಅದ ಏನ್ರಿ ಅಂದೆ. ಒಂದು ತುದಿ ನನ್ನ ಕೈಯಾಗ ಕೊಟ್ಟು, ತಾನೇ ಕಡ್ಡಿ ಗೀರಿ ಹಚ್ಚಿದ. ಬೂದಿ ಉದರ್ತು. ‘ಎತ್ತಿನ ಕೊಳ್ಳಿಗಿ ಕಟ್ಟೋದವ್ವ, ಕೊಳ್ಳು ಕೊಯ್ಯಬಾರದಲ್ಲ’ ಅಂದ. ಎತ್ತಿಗಿ ಅಷ್ಟು ಕಾಳಜಿ! ತೂಕದ ಮ್ಯಾಲ ಕೊಟ್ಟ, ಮೊದಲಿಂದಕ್ಕಿಂತ ಸೋವಿ ಬಿತ್ತು. ಸ್ವಲ್ಪ ಒರಟು ಅದ, ಆದ್ರ ಪಟ್ಟಿ ಜಾರಂಗಿಲ್ಲ. ಇನ್ನ ಮ್ಯಾಲ ನಾ ಇದೇ ತರ್ತೀನಿ.

ಅಯ್ಯ, ಶಾಟ್ ಮುಂದ ಹೋಗೇಬಿಡ್ತು. ಇದು ನಮ್ಮ ಓಣಿಯಾಗ ಸೀರಿಗಿ ಫಾಲ್-ಪಿಕೋ ಮಾಡೋ ಅಕ್ಕನ ಮಶೀನ್. ನಮ್ಮ ಮನಿ ಕರೀ ಮಶೀನ್ ಸೀದಾ ಹೊಲಿಗಿ ಅಷ್ಟೇ ಹಾಕ್ತದ, ಅದು ಇದಕ್ಕ ಬರಂಗಿಲ್ಲ. ಪಿಕೋ ಮಶೀನಿಂದು ಜಿಗ್‌ಜ್ಯಾಗ್ ಹೊಲಿಗಿ ಎಡಕ ಒಂದು ಹಗ್ಗ ಹಿಡೀತದ, ಬಲಕ ಒಂದು ಹಗ್ಗ ಹಿಡೀತದ, ನಡುವ ಸಂದಿ ಮುಚ್ಚತದ. ಸೂಜಿ 16 ನಂಬರ್, ಸಣ್ಣದು ಹಾಕಿದ್ರ ಮುರೀತದ. ಹೊಲದ ಬುಡ ಸೂಜಿ ಎಡಕ್ಕ ಇರ್ಲಿ, ಹೊಸ ಹಗ್ಗ ಬಲಕ್ಕಿಂದ ಬರ್ಲಿ. ಬಲಕ್ಕ ಮಶೀನಿನ ಸಂದಿ ಸಣ್ಣದು, ಬುಟ್ಟಿ ದೊಡ್ಡದಾದ್ರ ಅಲ್ಲಿ ಹೊಕ್ಕಂಗಿಲ್ಲ. ಹಗ್ಗ ಜಗ್ಗಬ್ಯಾಡ್ರಿ. ಜಗ್ಗಿದ್ರ ಬುಡ ಬಟ್ಟಲದಂಗ ಏಳ್ತದ, ಸಡಲ ಬಿಟ್ರ ತೆರಿ ತೆರಿ ಆಗ್ತದ.

ಗೋಡಿಗಿ ಬಂದಾಗ ಎಡಗೈಲಿ ಬುಡ ಎತ್ತಿ ಮಶೀನಿನ ಮೈಗೆ ಆನಿಸಿ ಹಿಡೀಬೇಕು. ಎಷ್ಟು ಎತ್ತತೀರಿ ಅಷ್ಟು ನೆಟ್ಟಗ ನಿಲ್ತದ ಗೋಡಿ. ನಂದು ಅರ್ಧಕ್ಕ ಕೈ ಸೋತು ಇಳೀತು, ಅದಕ್ಕೇ ಮ್ಯಾಲ ಬಾಯಿ ಅಗಲ ಆಗ್ಯದ. ಬಳಿ ತಗೀಲಿಕ್ಕಿ ಅದೇ ಛಲೋ ಅಂತ ಅಕ್ಕ ಅಂದ್ಳು. ನನಗೂ ಈಗ ಹಂಗೇ ಅನ್ನಿಸ್ಲತ್ತದ.

ಕ್ಯಾಮೆರಾ ಹತ್ರ ತರ್ತೀನಿ. ಈ ಕೆಂಪು ಖಣದ ಚಿಕ್ಕಿ ನೋಡ್ರಿ, ಸುತ್ತಿದ ಮ್ಯಾಲ ಒಂದೊಂದು ಅರ್ಧ ಅರ್ಧ ಆಗಿ ಒಂದರ ಪಕ್ಕ ಒಂದು ಏರ್ಕೊಂತ ಹೋಗ್ಯಾವ, ನವಣಿ ಕಾಳು ಚೆಲ್ಲಿದಂಗ. ಖಣ ಕತ್ತರಿಸಬಾರದಿತ್ತು ಅಂತ ಮುಂಜಾನಿಯಿಂದ ಮನಸಿಗೆ ಹತ್ತಿತ್ತು. ಈಗ ಇಲ್ಲ.

ತುದಿ ಒಳಗ ಮಡಚಿ, ಗ್ಲೂ ಒಂದು ಹನಿ ಹಚ್ಚೀನಿ. ಹೌದ್ರಿ, ಗ್ಲೂ ಸೇರಂಗಿಲ್ಲ ಅಂದಿದ್ದೆ, ಆದ್ರ ಹೊಲಿಯೋತನಕ ಹಗ್ಗದ ತುದಿ ಬಿಚ್ಚಬಾರದಲ್ಲ. ಅದರ ಮ್ಯಾಲ ಐದಾರು ಸರ್ತಿ ಹಿಂದ ಮುಂದ ಹೊಲಿಗಿ ಹಾಕೀನಿ.

ನಾಕು ಡಜನ್ ಹಸಿರು ಬಳಿ, ಇಟ್ಟು ನೋಡೋಣ... ಕುಂತ್ವು. ಕರೆಂಟ್ ಹೋತು ನೋಡ್ರಿ, ಕತ್ತಲಾತು. ಬರ್ತೀನ್ರಿ.