ನೀರು ಪುಕ್ಕಟೆ, ಕರೆಂಟಿಗೇಕೆ ದುಡ್ಡು?

ಕಾರವಾರ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ವಿದ್ಯುತ್ತಿನ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದವನು. ಇಂಜಿನಿಯರ್ ಅಲ್ಲ. ಟರ್ಬೈನ್ ತಿರುಗಿಸಿದವರು ಬೇರೆ, ಅದು ತಿರುಗಿದ್ದಕ್ಕೆ ಎಷ್ಟು ಖರ್ಚಾಯಿತು ಅಂತ ಬರೆದಿಟ್ಟವನು ನಾನು. ಹಾಗಾಗಿ ಮದುವೆಮನೆಗೆ ಹೋಗಲಿ, ಉಪನಯನಕ್ಕೆ ಹೋಗಲಿ, ಬಾಳೆಲೆ ಹಾಕುವ ಮೊದಲೇ ಒಬ್ಬರಲ್ಲ ಒಬ್ಬರು ಹಿಡಿದು ನಿಲ್ಲಿಸುತ್ತಾರೆ. "ಅಲ್ಲ ಮಾರಾಯರೆ, ಡ್ಯಾಂ ಇರೋದು ನಮ್ಮ ಜಿಲ್ಲೆಯಲ್ಲಿ. ನದಿ ನಮ್ಮದು. ಮಳೆ ದೇವರು ಕೊಟ್ಟಿದ್ದು. ಕಲ್ಲಿದ್ದಲು ಸುಡೂದಿಲ್ಲ, ಡೀಸೆಲ್ ಹಾಕೂದಿಲ್ಲ. ಮತ್ತೆ ಯೂನಿಟ್ಟಿಗೆ ಇಷ್ಟು ದುಡ್ಡು ಯಾವುದಕ್ಕೆ?"

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೂ ಪ್ರಶ್ನೆಯಲ್ಲಿ ತಪ್ಪಿಲ್ಲ, ಉತ್ತರವನ್ನು ಯಾರೂ ಸರಿಯಾಗಿ ಹೇಳಿಲ್ಲ, ಅಷ್ಟೇ. ಇವತ್ತು ಹೇಳುತ್ತೇನೆ. ಒಂದೇ ಮಾತು, ಬೇಕಾದರೆ ಬರೆದುಕೊಳ್ಳಿ. ಜಲವಿದ್ಯುತ್ತಿನಲ್ಲಿ ವರ್ಷದ ಖರ್ಚು ಗಟ್ಟಿ, ಯೂನಿಟ್ಟು ಗಟ್ಟಿಯಲ್ಲ. ಮಳೆ ಬಂದರೂ ಖರ್ಚು ಅಷ್ಟೇ, ಬಾರದಿದ್ದರೂ ಅಷ್ಟೇ. ಆ ಖರ್ಚನ್ನು ಆ ವರ್ಷ ಹುಟ್ಟುವ ಯೂನಿಟ್ಟುಗಳಿಂದ ಭಾಗಿಸಿದರೆ ಬರುವುದೇ ದರ. ನೀವು ಕೊಡುವುದು ನೀರಿನ ಬೆಲೆಯಲ್ಲ, ಆ ಖರ್ಚಿನ ಪಾಲು.

ಹೀಗೆ ಹೇಳಿದರೆ ತಲೆಯಾಡಿಸುತ್ತಾರೆ, ಮರುದಿನ ಅದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದು ಕೊಪ್ಪದ ಕಥೆ ಹೇಳಿಬಿಡುತ್ತೇನೆ.

ಶಿರಸಿಯಿಂದ ಯಲ್ಲಾಪುರದ ಕಡೆ ಘಟ್ಟದೊಳಗೆ ನಾಲ್ಕೇ ಮನೆಯ ಒಂದು ಕೊಪ್ಪ. ಸುತ್ತ ಅಡಿಕೆ ತೋಟ, ಮೇಲೆ ಗುಡ್ಡ, ಗುಡ್ಡದಲ್ಲೊಂದು ಹಳ್ಳ. ಆರಿದ್ರಾ ಮಳೆಗೆ ಒಂದು ಮರ ಲೈನಿನ ಮೇಲೆ ಬಿತ್ತೆಂದರೆ ವಾರಗಟ್ಟಲೆ ಕತ್ತಲೆ. ಬೇಸತ್ತು ನಾಲ್ಕೂ ಮನೆಯವರು ಸೇರಿ ಸೊಸೈಟಿಯಲ್ಲಿ ಸಾಲ ಮಾಡಿ ಸಣ್ಣದೊಂದು ಟರ್ಬೈನ್ ಹಾಕಿಸಿದರು. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಇಂಥವು ಇನ್ನೂ ಬೇಕಾದಷ್ಟಿವೆ, ಗೊತ್ತಿದ್ದವರು ನೋಡಿರುತ್ತೀರಿ. ಹಳ್ಳಕ್ಕೆ ಮಂಡಿಯೆತ್ತರದ ಕಟ್ಟೆ, ಅಲ್ಲಿಂದ ಗುಡ್ಡದಿಂದ ಇಳಿಯುವ ಪಿವಿಸಿ ಪೈಪು, ತೋಟದಂಚಿನ ಸೋಗೆ ಮಾಡಿನ ಕೆಳಗೆ ಯಂತ್ರ. ಯಂತ್ರ ಎಷ್ಟು ದೊಡ್ಡದು ಅಂದಿರಿ? ಒಂದು ಕೊಡಪಾನ ಇಟ್ಟ ಹಾಗೆ. ಸಣ್ಣ ನಳಿಕೆಯಿಂದ ನೀರು ಚಿಮ್ಮಿ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ, ಚಕ್ರ ಸುಯ್ ಎನ್ನುತ್ತ ತಿರುಗುತ್ತದೆ. ಯಾರೂ ದೀಪ ಹಾಕದೆ ಕರೆಂಟು ಮಿಕ್ಕಿದರೆ ಅದು ತಾನಾಗಿ ಬಚ್ಚಲುಮನೆಯ ಹೀಟರ್ ಕಾಯಿಲಿಗೆ ಹೋಗಿ ಹಂಡೆಯ ನೀರು ಕಾಯಿಸುತ್ತದೆ. ಒಬ್ಬ ಹುಡುಗ ನಾಲ್ಕೂ ಮನೆಗೆ ಮೀಟರನ್ನೂ ಹಾಕಿಸಿದ್ದ.

ವರ್ಷ ತುಂಬಿತು. ಜಗಲಿಯ ಮೇಲೆ ಲೆಕ್ಕಕ್ಕೆ ಕೂತರು. ನಾನು ಅಲ್ಲಿಗೆ ಹೋದದ್ದು ನೆಂಟರ ಮನೆಗೆ ಅಂತ, ಆದರೆ ಲೆಕ್ಕದವನು ಸಿಕ್ಕರೆ ಬಿಡುತ್ತಾರೆಯೇ? ಪುಸ್ತಕ ನನ್ನ ಕೈಗೆ ಬಂತು. ಸೊಸೈಟಿಯ ಕಂತು, ಅದರ ಬಡ್ಡಿ, ಸವೆದ ಬೇರಿಂಗು, ಒಡೆದ ಪೈಪಿನ ತುಂಡು, ಕಟ್ಟೆಯ ಜಾಳಿಗೆಗೆ ಸಿಕ್ಕಿಕೊಳ್ಳುವ ದರಕು, ಅಂದರೆ ಒಣಗಿದ ಎಲೆ, ತೆಗೆಯಲು ದಿನಾ ಗುಡ್ಡ ಹತ್ತುವವನ ಸಂಬಳ. ಎಲ್ಲ ಸೇರಿ, ಲೆಕ್ಕ ಸುಲಭವಾಗಲಿ ಅಂತ ಸರಿಮಾಡಿ ಹೇಳುತ್ತೇನೆ, 24,000 ರೂಪಾಯಿ. ಆ ವರ್ಷ ಹಳ್ಳ ಸಂಕ್ರಾಂತಿ ಹತ್ತಿರ ಬರುವವರೆಗೂ ಹರಿದಿತ್ತು. ಹುಟ್ಟಿದ ಕರೆಂಟು 4,800 ಯೂನಿಟ್. ಭಾಗಿಸಿ. ಯೂನಿಟ್ಟಿಗೆ 5 ರೂಪಾಯಿ. ಎಲ್ಲರೂ ಖುಷಿಯಲ್ಲಿ ಕವಳ ಹಾಕಿ ಎದ್ದರು.

ಮರುವರ್ಷ ಮಳೆ ಕೈಕೊಟ್ಟಿತು. ದೀಪಾವಳಿ ಬರುವಷ್ಟರಲ್ಲಿ ಪೈಪಿನಲ್ಲಿ ಗಾಳಿ. ಹುಟ್ಟಿದ್ದು 3,200 ಯೂನಿಟ್. ಖರ್ಚು? ಅದೇ 24,000. ಸೊಸೈಟಿಯ ಕಾರ್ಯದರ್ಶಿ ಆಕಾಶ ನೋಡಿ ಕಂತು ಕಡಿಮೆ ಮಾಡುತ್ತಾರೆಯೇ? ಭಾಗಿಸಿ. 7 ರೂಪಾಯಿ 50 ಪೈಸೆ. ಜಗಲಿಯ ಮೇಲೆ ಗದ್ದಲ! "ಕರೆಂಟು ಕಡಿಮೆ, ದರ ಜಾಸ್ತಿ, ಇದು ಯಾವ ನ್ಯಾಯ?" ಅಂತ ಒಬ್ಬರು ಪಂಚೆ ಕೊಡವಿ ಎದ್ದೇ ಬಿಟ್ಟರು. ಕೇಳುಗರೇ, ಇದೇ ಮಾತನ್ನು ದೊಡ್ಡ ದೊಡ್ಡ ಸಭೆಗಳಲ್ಲಿ ದೊಡ್ಡ ದೊಡ್ಡ ಮನುಷ್ಯರು ಮೈಕು ಹಿಡಿದು ಕೇಳಿದ್ದನ್ನು ನಾನು ಕಂಡಿದ್ದೇನೆ.

ಕಥೆ ಮುಗಿಯಲಿಲ್ಲ. ನಾಲ್ಕನೇ ಮನೆಯ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ, ಮನೆಗೆ ಬೀಗ. ಅವನು ಹೇಳಿದ, "ನನ್ನ ಮೀಟರು ತಿರುಗಿದ್ದೇ ಹಬ್ಬಕ್ಕೆ ಬಂದಾಗ. ನಾನು ಅಷ್ಟಕ್ಕೇ ಕೊಡುವವ." ಉಳಿದವರು ಒಪ್ಪಲಿಲ್ಲ. ಅವನು ಪಾಲು ಬಿಟ್ಟರೆ ಅಷ್ಟೂ ಭಾರ ಮೂರು ಮನೆಯ ಮೇಲೆ. ಎಲ್ಲರೂ ಸಮಸಮ ಹಾಕಿಕೊಳ್ಳೋಣ ಅಂದರೆ, ಎರಡೇ ದೀಪ ಉರಿಸುವ ಮನೆಯವರು, ಮಿಕ್ಸಿ ಫ್ರಿಜ್ಜು ಎಲ್ಲ ಇಟ್ಟುಕೊಂಡವರ ಮುಖ ನೋಡಿದರು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಒಳಗೆ ಚಹಾ ಮಾಡುತ್ತಿದ್ದ ಆ ಮನೆಯ ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತರು. "ಮಾಣಿ, ನೀ ಬೆಂಗಳೂರಲ್ಲಿದ್ದೆ ಹೇಳಿ ಪೈಪಿಗೆ ಗೊತ್ತಾಗ್ತಾ? ನೀ ಯಾವತ್ತು ಬಂದ್ರೂ ಕರೆಂಟು ರೆಡಿ ಇರವು ಹೇಳೇ ಅಲ್ದ ಯಂತ್ರ ಹಾಕಿದ್ದು?" ಆಮೇಲೆ ತೀರ್ಪು ಕೊಟ್ಟರು. ಖರ್ಚಿನಲ್ಲಿ ಅರ್ಧ ನಾಲ್ಕೂ ಮನೆಗೆ ಸಮಪಾಲು, ಬೀಗ ಹಾಕಿದ ಮನೆಗೂ ಬಿಡದೆ. ಉಳಿದರ್ಧ ಮೀಟರು ನೋಡಿ.

ನಾನು ಚಹಾ ಲೋಟ ಕೆಳಗಿಟ್ಟು ಅವರಿಗೆ ಕೈಮುಗಿದೆ. ಯಾಕೆಂದರೆ ದೆಹಲಿಯ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಜಲವಿದ್ಯುತ್ ಕೇಂದ್ರಗಳಿಗೆ ಮಾಡಿರುವ ನಿಯಮ ಇದೇ! ವರ್ಷದ ಗಟ್ಟಿ ಖರ್ಚಿನಲ್ಲಿ ಅರ್ಧ, ಯಂತ್ರ ಸಿದ್ಧವಾಗಿ ನಿಂತದ್ದಕ್ಕೆ. ಇನ್ನರ್ಧ, ಹುಟ್ಟಿದ ಯೂನಿಟ್ಟಿಗೆ. ದೊಡ್ಡಮ್ಮ ಆ ನಿಯಮವನ್ನು ಓದಿರಲಿಲ್ಲ. ಸತ್ಯ ಹೇಳಬೇಕೆಂದರೆ ನಮ್ಮ ಕಚೇರಿಯಲ್ಲೂ ಎಲ್ಲರೂ ಓದಿರಲಿಲ್ಲ.

ಕಥೆ ಸ್ವಲ್ಪ ಉದ್ದವಾಯಿತು. ಇರಲಿ. ಈಗ ಆ ಪೈಪನ್ನು ದೊಡ್ಡದು ಮಾಡಿ ನೋಡಿ, ಕಾಳಿ ನದಿ ಕಾಣುತ್ತದೆ. ಜೋಯಿಡಾ ತಾಲೂಕಿನ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ, ತುಂಬಿದರೆ ಸುಮಾರು 145 ಟಿಎಂಸಿ ನೀರು. ಅಣೆಕಟ್ಟಿನ ಬುಡದಲ್ಲೇ 100 ಮೆಗಾವ್ಯಾಟ್. ಅದೇ ನೀರು ಮುಂದೆ ಬೊಮ್ಮನಹಳ್ಳಿಯಲ್ಲಿ ನಿಂತು, ಸುರಂಗ ಹೊಕ್ಕು ನಾಗಝರಿಯಲ್ಲಿ ಬೀಳುತ್ತದೆ. ದೊಡ್ಡ ಆದಾಯ ಅಲ್ಲಿ, ಆರು ಯಂತ್ರ. ಅಲ್ಲಿಂದ ಕೊಡಸಳ್ಳಿ, 120 ಮೆಗಾವ್ಯಾಟ್. ಆಮೇಲೆ ಕದ್ರಾ, 150. ಒಂದೇ ನೀರು ನಾಲ್ಕು ಕಡೆ ದುಡಿದು ಆಮೇಲೆ ನಮ್ಮ ಕಾರವಾರದ ಸೇತುವೆಯಡಿ ಸಮುದ್ರ ಸೇರುತ್ತದೆ. ಸೂಪಾದಲ್ಲಿ ಒಂದು ಟಿಎಂಸಿ ಕಡಿಮೆಯಾದರೆ ನಾಲ್ಕು ಕಡೆಯ ಯೂನಿಟ್ಟೂ ಹೋಯಿತು ಅಂತಲೇ ಲೆಕ್ಕ.

ಇಲ್ಲಿಯ ವರ್ಷದ ಖರ್ಚೂ ಕೊಪ್ಪದ ಪುಸ್ತಕದ್ದೇ. ಸಾಲದ ಬಡ್ಡಿ. ಸವಕಳಿ, ಅಂದರೆ ಕಟ್ಟಿದ ದುಡ್ಡನ್ನು ವರ್ಷವರ್ಷಕ್ಕೆ ಹಂಚಿ ವಾಪಸು ಪಡೆಯುವುದು. ಹಾಕಿದ ಬಂಡವಾಳಕ್ಕೆ ಗೊತ್ತಾದ ಲಾಭ. ಸಿಬ್ಬಂದಿ, ದುರಸ್ತಿ, ದಿನನಿತ್ಯದ ಕೈದುಡ್ಡಿನ ಬಡ್ಡಿ. ಇದರಲ್ಲಿ ಎಲ್ಲಿಯಾದರೂ ಮಳೆಯ ಹೆಸರು ಬಂತೇ? ಬರಲಿಲ್ಲ. ಮಳೆ ಬರುವುದು ಭಾಗಿಸುವಾಗ. ಅದಕ್ಕೂ ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ. ಹತ್ತು ವರ್ಷದಲ್ಲಿ ಒಂಬತ್ತು ವರ್ಷವಾದರೂ ಖಂಡಿತ ಸಿಗುವಷ್ಟು ನೀರಿಗೆ ಎಷ್ಟು ಯೂನಿಟ್ ಅಂತ. ಡಿಸೈನ್ ಎನರ್ಜಿ ಎನ್ನುತ್ತಾರೆ. ದರವನ್ನು ಮಳೆಗೆ ಮೊದಲೇ ಹೇಳಬೇಕಲ್ಲ, ಅದಕ್ಕೇ ಆ ಅಂದಾಜಿನಿಂದ ಭಾಗಿಸಿ ದರ ಇಡುತ್ತಾರೆ.

ಹಾಗಾದರೆ ಹಳೆಯ ಡ್ಯಾಮಿನ ಕರೆಂಟು ಯಾಕೆ ಅಗ್ಗ? ಸಾಲ ತೀರಿದೆ, ಸವಕಳಿ ಹೆಚ್ಚುಕಡಿಮೆ ಮುಗಿದಿದೆ. ಸೂಪಾ, ನಾಗಝರಿ ಕಟ್ಟಿದ್ದು 1970, 80ರ ದಶಕದ ದುಡ್ಡಿನಲ್ಲಿ. ಅದೇ ಅಣೆಕಟ್ಟನ್ನು ಇವತ್ತು ಕಟ್ಟಿದ್ದರೆ ಮೊದಲ ವರ್ಷಗಳ ದರ ಕೇಳಿ ನೀವು ರೇಡಿಯೋ ಬಂದ್ ಮಾಡುತ್ತಿದ್ದಿರಿ. ಸೂಪಾದ ಹಳೇ ಪೇಟೆ ನೀರಿನಡಿ ಹೋಗಿ ಜನ ಜೋಯಿಡಾ ತಾಲೂಕಿನದೇ ರಾಮನಗರಕ್ಕೆ ಹೋಗಿ ನೆಲೆಸಿದರು. ಆ ಕಳೆದುಕೊಂಡದ್ದು ದರದ ಲೆಕ್ಕದಲ್ಲಿ ಅಂದಿನ ಪರಿಹಾರದ ಮೊತ್ತವಾಗಿ ಒಂದು ಸಲ ಕೂತಿದೆ, ಅಷ್ಟೇ. ಅದಕ್ಕೆ ಬೇರೆಯೇ ಒಂದು ಭಾಷಣ ಬೇಕು.

ಈಗ 2023 ನೆನಪು ಮಾಡಿಕೊಳ್ಳಿ. ಮುಂಗಾರು ಸೋತಿತು, ರಾಜ್ಯದ ಹೆಚ್ಚಿನ ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾಯಿತು. ಜಲಾಶಯದಲ್ಲಿ ನೀರಿಲ್ಲ, ಪಂಪ್‌ಸೆಟ್ಟಿಗೆ ಬೇಡಿಕೆ ಮುಗಿಲಿಗೆ. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಹಾಕಿ, ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಅಂತ ಕಟ್ಟಪ್ಪಣೆ ಮಾಡಬೇಕಾಯಿತು. ನೋಡಿ, ಪೆಟ್ಟು ಎರಡು ಕಡೆಯಿಂದ. ಡ್ಯಾಮಿನ ಗಟ್ಟಿ ಖರ್ಚು ತಪ್ಪಲಿಲ್ಲ, ಕಡಿಮೆ ಬಿದ್ದ ಯೂನಿಟ್ಟನ್ನು ಹೊರಗಿನಿಂದ ದುಬಾರಿಗೆ ತರಬೇಕು. ಆ ಅಂತರವೇ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ನಿಮ್ಮ ಬಿಲ್ಲಿನಲ್ಲಿ ಒಂದು ಸಾಲಾಗಿ ಬರುವುದು. ಅದನ್ನು ಕಂಡು ಮೀಟರ್ ರೀಡರ್ ಹುಡುಗನಿಗೆ ಬೈಯಬೇಡಿ. ಅವನೇನು ಮಾಡಿಯಾನು?

ಗೃಹಜ್ಯೋತಿ ಇದೆ, ನಮಗೆ ಬಿಲ್ಲೇ ಇಲ್ಲ ಅನ್ನುವವರಿಗೆ ಒಂದು ಮಾತು. ನಿಮ್ಮ ಯೂನಿಟ್ಟಿಗೂ ಇದೇ ದರ. ಕೊಡುವವರು ಸರ್ಕಾರ, ಸರ್ಕಾರಕ್ಕೆ ಕೊಡುವವರು ನಾವು. ಬೈತಖೋಲದ ಬಂದರಿಗೆ ಮಂಜುಗಡ್ಡೆ ಮಾಡಿಕೊಡುವವರಿಗೆ ಈ ಮಾತು ಹೇಳಬೇಕಾಗಿಲ್ಲ, ಅವರಿಗೆ ಪ್ರತಿ ಪೈಸೆಯೂ ಬಾಯಿಪಾಠ.

ಅಂಗಡಿಯವರೊಬ್ಬರು ಕೇಳಿದ್ದರು, "ಬಳಸದಿದ್ದರೂ ನಿಗದಿತ ಶುಲ್ಕ ಅಂತ ಕೀಳ್ತಾರಲ್ಲ?" ದೊಡ್ಡಮ್ಮನ ತೀರ್ಪು ಮರೆತಿರಾ? ಬೀಗ ಹಾಕಿದ ಮನೆಗೂ ಅರ್ಧದ ಪಾಲು. 2025ರ ಮಾರ್ಚಿನಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ, ಮೂರು ವರ್ಷಕ್ಕೆ ಒಟ್ಟಿಗೆ ಆದೇಶ ಮಾಡಿತು. ಮನೆಬಳಕೆಯ ಯೂನಿಟ್ ದರ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು, ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿತು. ಪತ್ರಿಕೆಯಲ್ಲಿ ಕೆಲವರು ಇಳಿಕೆ ಅಂತ ಬರೆದರು, ಕೆಲವರು ಏರಿಕೆ ಅಂತ. ಗಟ್ಟಿ ಖರ್ಚನ್ನು ಗಟ್ಟಿ ಶುಲ್ಕದ ಕಡೆ ಸ್ವಲ್ಪ ಸರಿಸಿದರು ಅಂತ ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಪ್ರಸರಣದ ಖರ್ಚು, ಲೈನಿನಲ್ಲಿ ಸೋರಿಹೋಗುವ ಕರೆಂಟು, ಸಂಜೆ ಹೊತ್ತಿನ ಬೇಡಿಕೆಗೆ ಡ್ಯಾಮು ಯಾಕೆ ಬೇಕು, ಪಕ್ಕದ ಕೈಗಾ ಅಣುಸ್ಥಾವರ ಹಗಲು ರಾತ್ರಿ ಒಂದೇ ಸಮ ಓಡುವಾಗ ಕದ್ರಾ ಯಾಕೆ ನಿಂತು ನಿಂತು ಓಡುತ್ತದೆ, ಇವೆಲ್ಲ ಹೇಳಬೇಕೆಂದು ಬರೆದು ತಂದಿದ್ದೆ. ಕೊಪ್ಪದ ಕಥೆ ನುಂಗಿತು.

ಕೆಲಸಕ್ಕೆ ಬರುವ ಒಂದು ವಿಷಯ ಮಾತ್ರ ಹೇಳಿ ಬಿಡುತ್ತೇನೆ. ಪ್ರತಿ ವರ್ಷ ನವೆಂಬರ್ ಕೊನೆಯ ಹೊತ್ತಿಗೆ, ನಮಗೆ ಕರೆಂಟು ಹಂಚುವ ಹೆಸ್ಕಾಂ ತನ್ನ ಮುಂದಿನ ಖರ್ಚಿನ ಲೆಕ್ಕವನ್ನು ಆಯೋಗದ ಮುಂದೆ ಇಡುತ್ತದೆ. ಅದು ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆ ಕರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಸುತ್ತಾರೆ, ದರ ಬದಲಾಗುವುದಿದ್ದರೆ ಸಾಮಾನ್ಯವಾಗಿ ಏಪ್ರಿಲ್ 1ರಿಂದ. ನಮ್ಮ ಜಿಲ್ಲೆಯಿಂದ ಹೋಗುವ ಆಕ್ಷೇಪಣೆಗಳಲ್ಲಿ ಹೆಚ್ಚಿನವು "ದರ ಏರಿಸಬೇಡಿ" ಅನ್ನುವ ಒಂದೇ ಸಾಲಿನವು. ಅದನ್ನು ಫೈಲಿಗೆ ಹಾಕುತ್ತಾರೆ, ಮುಗಿಯಿತು. ಈ ಸಲ ಕನ್ನಡದಲ್ಲೇ ಹೀಗೆ ಬರೆಯಿರಿ. ಮುಂದಿನ ವರ್ಷಕ್ಕೆ ಕಾಳಿ ಮತ್ತು ಶರಾವತಿಯಿಂದ ಎಷ್ಟು ಯೂನಿಟ್ ಬರುತ್ತದೆ ಅಂತ ಹಿಡಿದಿದ್ದೀರಿ? ಕಳೆದ ವರ್ಷ ಎಷ್ಟು ಹಿಡಿದಿದ್ದಿರಿ, ನಿಜಕ್ಕೂ ಬಂದದ್ದು ಎಷ್ಟು? ಕಡಿಮೆ ಹಿಡಿದು ದರ ಏರಿಸಿದ್ದರೆ, ಮಳೆ ಚೆನ್ನಾಗಿ ಬಿದ್ದ ವರ್ಷದ ಮಿಕ್ಕಿದ ದುಡ್ಡನ್ನು ಯಾವ ಸಾಲಿನಲ್ಲಿ ನಮಗೆ ವಾಪಸು ತೋರಿಸಿದ್ದೀರಿ? ಇದಕ್ಕೆ ಅವರು ಅಂಕಿಸಂಖ್ಯೆ ಸಮೇತ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ. ಉತ್ತರ ಬಂದ ಮೇಲೆ ಭಾಗಾಕಾರ ನೀವೇ ಮಾಡಿ ನೋಡಿ, ಮಕ್ಕಳ ಕೈಲಿ ಮಾಡಿಸಿದರೂ ಆದೀತು.

ನಮಸ್ಕಾರ.