ಎರಡು ಸಾಲಿಗೂ ದುಡ್ಡು ಕೊಡಬೇಕಂತೆ!

ನಮಸ್ಕಾರ್ರಿ ಎಲ್ಲರಿಗೂ. ಬಾಗಲಕೋಟೆ ನವನಗರದಿಂದ ನಿಮ್ಮ ಹುಡುಗ. ಇವತ್ತು ತಲೆ ಕೆಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ.

ಕಳೆದ ವಾರ ಆಲಮಟ್ಟಿ ವಿಡಿಯೊ ಹಾಕಿದ್ದೆ. ಡ್ಯಾಮಿನ ಮಟ್ಟ 519.60 ಮೀಟರಿಂದ 524.256ಕ್ಕೆ ಏರಿದರೆ ಯಾರ ಹೊಲ ಮುಳುಗುತ್ತದೆ ಅಂತ. ಅದರಲ್ಲಿ ಒಂದು ಪತ್ರಿಕೆಯ ವೆಬ್‌ಸೈಟಿನ ಎರಡು ಸಾಲು ಓದಿದೆ. ಹೆಸರು ಹೇಳಿದೆ, ಕೆಳಗೆ ಲಿಂಕ್ ಕೊಟ್ಟೆ, ಆ ವರದಿಯಲ್ಲಿ ಏನೇನು ಬಿಟ್ಟಿದ್ದಾರೆ ಅಂತಲೂ ಹೇಳಿದೆ. ಬಂತು ನೋಡಿ ಮೇಲ್. ಅನುಮತಿ ಇಲ್ಲದೆ ಬಳಸಿದ್ದೀರಿ, ತೆಗೆಯಿರಿ, ಇಲ್ಲಾಂದ್ರೆ ಶುಲ್ಕ ಕಟ್ಟಿ. ಎರಡು ಸಾಲಿಗೆ!

ಇದೇನು ಹೊಸ ಚಟ ಅಲ್ಲ. 2008ರಲ್ಲೇ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಯ ಸಾಲು ಬಳಸಿದ್ದಕ್ಕೆ ಒಂದು ಚಿಕ್ಕ ಸೈಟಿನ ಮೇಲೆ ಬಿದ್ದಿತ್ತು. ಅಲ್ಲಿದ್ದದ್ದು 39ರಿಂದ 79 ಪದಗಳ ತುಣುಕುಗಳು, ಅಷ್ಟೇ. ಅವರ ರೇಟ್ ಕಾರ್ಡ್ ಹೇಗಿತ್ತು ಗೊತ್ತಾ? 5ರಿಂದ 25 ಪದಕ್ಕೆ ಹನ್ನೆರಡೂವರೆ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಸಂತೆಯಲ್ಲಿ ಬದನೆಕಾಯಿ ರೇಟು ಕೇಳಿದ್ದಕ್ಕೇ ದುಡ್ಡು ಕಿತ್ತುಕೊಂಡ ಹಾಗಾಯ್ತು.

ನಮ್ಮ ಕಾನೂನು ಏನನ್ನುತ್ತದೆ? 1957ರ ಕಾಪಿರೈಟ್ ಕಾಯ್ದೆ, ಸೆಕ್ಷನ್ 52. ಟೀಕೆ, ವಿಮರ್ಶೆ, ಪ್ರಚಲಿತ ವಿಷಯದ ವರದಿ, ಇವಕ್ಕೆಲ್ಲ ಬೇರೆಯವರ ಬರಹವನ್ನು ನ್ಯಾಯವಾಗಿ ಬಳಸಬಹುದು. ಆದರೆ ಎಷ್ಟು ಪದ ಅಂತ ಅದರಲ್ಲಿ ಬರೆದಿಲ್ಲ. ಅಲ್ಲೇ ಇರೋದು ಮಜಾ. ಗೆರೆ ಎಲ್ಲಿದೆ ಅಂತ ಕೋರ್ಟೇ ಹೇಳಬೇಕು, ನಮ್ಮಂಥವರು ಕೋರ್ಟಿಗೆ ಹೋಗುವವರಲ್ಲ ಅಂತ ಪತ್ರಿಕೆಯವರಿಗೆ ಚೆನ್ನಾಗಿ ಗೊತ್ತು, ಯೂಟ್ಯೂಬ್‌ನಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್, ಅಂದ್ರೆ ಕಾಪಿರೈಟ್ ದೂರಿನ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗುವ ಹಾಗಿರುವಾಗ ಯಾರು ವಾದ ಮಾಡುತ್ತಾರೆ? ಹೆದರಿ ಡಿಲೀಟ್ ಒತ್ತುತ್ತಾರೆ.

ಒಬ್ಬ ಅಣ್ಣ ಬರೆದಿದ್ದಾನೆ, ‘ವರದಿಗಾರರ ಹೊಟ್ಟೆ ಮೇಲೆ ಹೊಡೀಬೇಡ’ ಅಂತ. ಅಯ್ಯೋ ಪುಣ್ಯಾತ್ಮಾ! ಇಡೀ ವರದಿ ಎತ್ತಿ ಹಾಕಿದರೆ ಕಳ್ಳತನ, ಒಪ್ಪಿದೆ. ಎರಡು ಸಾಲು ಓದಿದರೆ ಯಾರ ಹೊಟ್ಟೆ ಖಾಲಿ ಆಗುತ್ತದೆ? ಜರ್ಮನಿಯ ದೊಡ್ಡ ಪತ್ರಿಕಾ ಕಂಪನಿ ಆಕ್ಸೆಲ್ ಸ್ಪ್ರಿಂಗರ್ 2014ರಲ್ಲಿ ತನ್ನ ಕೆಲವು ಪತ್ರಿಕೆಗಳ ತುಣುಕು ಗೂಗಲ್‌ನಲ್ಲಿ ಕಾಣಬಾರದು ಅಂತ ಹಟ ಹಿಡಿಯಿತು. ಗೂಗಲ್‌ನಿಂದ ಬರುವ ಓದುಗರು ತೀರಾ ಕಡಿಮೆಯಾದರು. ಎರಡೇ ವಾರಕ್ಕೆ ಸುಮ್ನೆ ಒಪ್ಪಿಕೊಂಡಿತು. ತುಣುಕು ನೋಡಿಯೇ ಜನ ಒಳಗೆ ಬರುವುದು, ಅಣ್ಣಾ.

ಇನ್ನೊಂದು ಕೇಳುತ್ತೇನೆ. ಮುಧೋಳದ ಹತ್ತಿರ ಘಟಪ್ರಭೆ ಉಕ್ಕಿದಾಗ ನಮ್ಮ ಹುಡುಗರು ಮೊಣಕಾಲು ನೀರಲ್ಲಿ ನಿಂತು ವಿಡಿಯೊ ಮಾಡಿದರಲ್ಲ, ಅದು ಯಾರ್ಯಾರ ಪೋರ್ಟಲ್‌ನಲ್ಲಿ ಓಡಿತು? ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಕೃಪೆ: ಸೋಷಿಯಲ್ ಮೀಡಿಯಾ’. ಸೋಷಿಯಲ್ ಮೀಡಿಯಾ ಅಂದ್ರೆ ಯಾರ ಮಗ? ಯಾವ ಓಣಿ? ಅವರಿಗೆ ನಮ್ಮ ಇಡೀ ವಿಡಿಯೊ ಫ್ರೀ, ನಮಗೆ ಅವರ ಎರಡು ಸಾಲಿಗೆ ಬಿಲ್!

ಎರಡು ಸಾಲು ರೀ! ಎರಡು!

ತೆಗೆಯಲ್ಲ. ಏನು ಮಾಡುತ್ತಾರೋ ಮಾಡಲಿ. ಆ ವಿಡಿಯೊ ನೋಡದವರು ಈಗಲೇ ನೋಡಿಬಿಡಿ, ಆಮೇಲೆ ಇರುತ್ತದೋ ಇಲ್ಲವೋ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಭಾನುವಾರ ಇಳಕಲ್ ಮಗ್ಗದ ಎಪಿಸೋಡ್ ಬರುತ್ತದೆ, ಅದರಲ್ಲಿ ಎಷ್ಟು ಸಾಲು ಬೇಕೋ ಎತ್ತಿಕೊಳ್ಳಿ. ಬೈಯೋಕೆ ಎತ್ತಿಕೊಂಡರೂ ಸರಿ, ಇಳಕಲ್ ‘ಳ’ ಮಾತ್ರ ಸರಿಯಾಗಿ ಬರೆಯಿರಿ ಮಾರಾಯರೇ.