ನಲ್ಲಿಯ ಸದ್ದಿನ ಹಿಂದೆ

ಕೇಳುಗರಿಗೆ ನಮಸ್ಕಾರ. ಇವತ್ತು ದೇವರ ದನಿ ಕೇಳಿಸಿಕೊಳ್ಳುವ ವಿಚಾರ ಮಾತಾಡೋಣ ಅಂತ ಬಂದಿದ್ದೇನೆ. ಮಾತಾಡುತ್ತಿರುವವನು ಅರ್ಧ ಕಿವುಡ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೆಂಡತಿ ತೀರಿಕೊಂಡ ವರ್ಷವೇ ನನ್ನ ಕಿವಿಯೂ ಕೈಕೊಟ್ಟಿತು. ನನಗದು ಗೊತ್ತೇ ಆಗಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಗಿದೆ ಅಂದುಕೊಂಡೆ. ಸಾವಾದ ಮನೆ ಹಾಗೇ ಅಲ್ವಾ? ರಾತ್ರಿ ಒಬ್ಬನೇ ಪ್ರಾರ್ಥನೆಗೆ ಕೂರುತ್ತಿದ್ದೆ. ಪ್ರಾರ್ಥನೆ ಏನು ಬಂತು, ಜಗಳ. ಯಾಕೆ ಅವಳು, ಯಾಕೆ ಈಗ? ತಿಂಗಳುಗಟ್ಟಲೆ ಇದೇ ಪ್ರಶ್ನೆ. ಆ ಕಡೆಯಿಂದ ಒಂದು ಸೊಲ್ಲಿಲ್ಲ.

ಸಮಾಧಾನ ಹೇಳುವವರಿಗೇನೂ ಬರವಿರಲಿಲ್ಲ. 'ಎಲ್ಲಾ ದೇವರಿಚ್ಛೆ' ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೂ ಎದ್ದು ಹೋಗಿಬಿಡಬೇಕು ಅನ್ನಿಸುತ್ತಿತ್ತು. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲಾ ಕಳೆದುಕೊಂಡ ಯೋಬ ಅನ್ನುವವನ ಕಥೆ ಇದೆ. ಅವನ ಗೆಳೆಯರು ಏಳು ಹಗಲು, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರಂತೆ. ಅವರು ಬಾಯಿ ಬಿಟ್ಟ ಮೇಲೇ ಎಲ್ಲಾ ಕೆಟ್ಟಿದ್ದು.

ಅದೇ ಬೈಬಲಿನಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ಬಿರುಗಾಳಿ ಬಂತು, ಭೂಕಂಪ ಆಯಿತು, ಬೆಂಕಿ ಎದ್ದಿತು. ದೇವರು ಯಾವುದರಲ್ಲೂ ಇರಲಿಲ್ಲ. ಕೊನೆಗೊಂದು ಮೆಲ್ಲನೆಯ ದನಿ ಬಂತು. ಕಥೆ ಹೇಳುವವರು ಇಷ್ಟನ್ನೇ ಹೇಳುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಅದಕ್ಕೂ ಮುಂಚಿನ ಭಾಗ. ಜೀವಭಯದಿಂದ ಓಡಿಬಂದ ಈ ಮನುಷ್ಯ ಒಂದು ಗಿಡದ ಕೆಳಗೆ ಕೂತು, 'ಸಾಕು ದೇವರೇ, ನನ್ನ ಪ್ರಾಣ ತಗೋ' ಅಂದು ಮಲಗಿಬಿಡುತ್ತಾನೆ. ದೇವದೂತ ಬರುತ್ತಾನೆ. ಬುದ್ಧಿ ಹೇಳಿದನಾ? ಇಲ್ಲ. ಮೈ ಮುಟ್ಟಿ, 'ಏಳು, ತಿನ್ನು' ಅಂದ. ತಲೆಯ ಹತ್ತಿರ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ 40 ದಿನದ ನಡಿಗೆ. ದನಿ ಕೇಳಿಸಿದ್ದು ಅಷ್ಟೆಲ್ಲಾ ಆದ ಮೇಲೆ.

ಆ ದನಿಯಾದರೂ ಉತ್ತರ ಕೊಟ್ಟಿತಾ ಅಂದರೆ ಅದೂ ಇಲ್ಲ. 'ಎಲೀಯಾ, ಇಲ್ಲೇನು ಮಾಡ್ತಿದ್ದೀಯ?' ಅಂತ ಅವನನ್ನೇ ಕೇಳಿತು.

ಇರಲಿ, ನನ್ನ ಕಿವಿಗೆ ಬರೋಣ. ಮಗ ಒತ್ತಾಯ ಮಾಡಿ ಮಿಷಿನ್ ಹಾಕಿಸಿದ. ಮೊದಲ ದಿನ ನರಕ. ಪೇಪರ್ ಮಡಿಸಿದರೆ ತಗಡು ಬಡಿದ ಹಾಗೆ. ನಾನು ಅಗಿಯುವ ಸದ್ದೇ ನನಗೆ ಕಿರಿಕಿರಿ. 'ತೆಗೆದಿಡಬೇಡಿ' ಅಂದರು ಹಾಕಿಕೊಟ್ಟವರು. 'ಮರೆತ ಸದ್ದುಗಳನ್ನೆಲ್ಲ ಮಿದುಳು ಮತ್ತೆ ಪರಿಚಯ ಮಾಡಿಕೊಳ್ಳಬೇಕು. ಯಾವುದು ಬೇಕು, ಯಾವುದು ಬೇಡ ಅಂತ ಆರಿಸೋಕೆ ಅದಕ್ಕೆ ಕೆಲವು ವಾರ ಬೇಕು.'

ಪ್ರಾರ್ಥನೆಗೆ ಕೂರುವಾಗ ಮಾತ್ರ ಅದನ್ನು ತೆಗೆದಿಡುತ್ತಿದ್ದೆ. ದೇವರ ಜೊತೆ ಮಾತಾಡಲು ಮಿಷಿನ್ ಯಾಕೆ, ಅಲ್ವಾ? ಮೂರನೇ ವಾರ ಒಂದು ರಾತ್ರಿ ತೆಗೆಯಲು ಮರೆತೆ. ಬಚ್ಚಲುಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಯಾರೋ ನಿಲ್ಲಿಸಲು ಮರೆತಿದ್ದಾರೆ ಅಂತ ಎದ್ದೆ. ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು. ನಿಂತು ಕೇಳಿಸಿಕೊಂಡೆ. ನನ್ನ ಮಗ ಬಿಕ್ಕುತ್ತಿದ್ದ. ನನಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಟುಕೊಂಡಿದ್ದ. ಮಿಷಿನ್ ಬರುವ ಮುಂಚೆ ಅವನಿಗೆ ನಲ್ಲಿಯೂ ಬೇಕಾಗಿರಲಿಲ್ಲವೇನೋ. ಅವಳು ನನಗೆ ಹೆಂಡತಿ ಅಂತಲೇ ಅಷ್ಟು ದಿನ ಅತ್ತಿದ್ದೆ. ಅವನಿಗೆ ಅಮ್ಮ ಅನ್ನುವುದು ತಲೆಗೇ ಹೋಗಿರಲಿಲ್ಲ.

ದೇವರು ಮಾತಾಡಿದ ಅಂತ ನಾನು ಹೇಳುವುದಿಲ್ಲ. ಅಷ್ಟು ಧೈರ್ಯ ನನಗಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಪತ್ರಗಳು ಹೊರಗೆ ಬಂದವು. ಸುಮಾರು 50 ವರ್ಷ ಅವರೊಳಗೂ ಬರೀ ಮೌನ, ಕತ್ತಲೆ. ಹಾಗಿದ್ದೂ ಸಾಯುವವರ ಪಕ್ಕ ಹೋಗಿ ಕೂರುವುದನ್ನು ಅವರು ಬಿಡಲಿಲ್ಲ. ಅಂಥವರಿಗೇ ಹಾಗಾದರೆ ನನ್ನದೇನು.

ಆ ರಾತ್ರಿ ಬಚ್ಚಲುಮನೆಯ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. 'ಯಾಕೆ' ಅನ್ನುವ ಪ್ರಶ್ನೆ ನೆನಪಿಗೇ ಬರಲಿಲ್ಲ. ಇಲ್ಲೇನು ಮಾಡ್ತಿದ್ದೀಯ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲು ತಟ್ಟಿದೆ. ನಲ್ಲಿ ನಿಂತಿತು.